ಧೂಳು ಜಾಗ ಬದಲಿಸುವುದಿಲ್ಲ

ಇವತ್ತು ಬೆಳಿಗ್ಗೆ ಪಾಸ್‌ಪೋರ್ಟ್ ಸೈಜ್ ಫೋಟೋಗೆ ಬಂದ ಅಜ್ಜನೊಬ್ಬ ಹೆಗಲ ಮೇಲಿದ್ದ ಕಂಬಳಿಯನ್ನು ಮಡಚಿ ನನ್ನ ಕಂಪ್ಯೂಟರ್ ಮೇಜಿನ ಮೇಲಿಟ್ಟ. ಕುರಿ ಉಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ತಡ, ಮೌಸ್ ಹಿಡಿದಿದ್ದ ನನ್ನ ಕೈ ನಿಂತುಬಿಟ್ಟಿತು. "ಯಾಕಮ್ಮ, ಕರೆಂಟ್ ಹೋಯ್ತಾ?" ಎಂದು ಅಜ್ಜ ಕೇಳಿದ. ಕರೆಂಟ್ ಇತ್ತು. ನಾನು ಮಾತ್ರ ಕೊರಟಗೆರೆಯ ನನ್ನ ಅಂಗಡಿಯಲ್ಲಿರಲಿಲ್ಲ. ಮಧುಗಿರಿ ಬೆಟ್ಟದ ಕೆಳಗೆ ಒಂದು ಗಾಜಿನ ಬಾಗಿಲಿನ ಹಿಂದೆ ನಿಂತಿದ್ದೆ.

ಕೆಲವು ತಿಂಗಳ ಹಿಂದೆ ನಮ್ಮ ನಾಲ್ಕು ತಾಲ್ಲೂಕಿನ ಸ್ಟುಡಿಯೋದವರು ಸೇರಿ ಎರಡು ದಿನದ ಫೋಟೋ ಎಡಿಟಿಂಗ್ ಸಮ್ಮೇಳನ ಇಟ್ಟುಕೊಂಡಿದ್ದರು. ನಗಬೇಡಿ. ಮದುಮಗಳ ಮೊಡವೆ ತೆಗೆಯುವವರು, ಮದುಮಗನ ತಲೆಗೆ ಕೂದಲು ತುಂಬುವವರು, ಮುನಿಸಿಕೊಂಡು ಮದುವೆಗೇ ಬಾರದ ಸೋದರಮಾವನನ್ನು ಗ್ರೂಪ್ ಫೋಟೋದಲ್ಲಿ ತಂದು ನಿಲ್ಲಿಸುವವರು, ನಮಗೂ ಒಂದು ಸಮ್ಮೇಳನ ಬೇಡವೇ? ಬಿ.ಎಸ್ಸಿ. ಓದಿದ ನಾನಂತೂ ಕಾಲೇಜಿನ ಮೊದಲ ದಿನಕ್ಕೆ ಹೊರಟವಳಂತೆ ಹೊಸ ನೋಟ್‌ಬುಕ್ ಕೊಂಡು ಹೋಗಿದ್ದೆ.

ಮಧುಗಿರಿ ಬೆಟ್ಟದ ಕೆಳಗಿನ ಕಲ್ಯಾಣ ಮಂಟಪದ ಅಂಗಳದಲ್ಲಿ ಕುರ್ಚಿ ಹಾಕಿದ್ದರು. ಬೆಟ್ಟ ಮರೆಯಾಗಬಾರದೆಂದು ಶಾಮಿಯಾನ ಹಾಕಿರಲಿಲ್ಲ. ಆ ಬಂಡೆಯನ್ನು ಚಿಕ್ಕಂದಿನಿಂದ ಬಸ್ಸಿನ ಕಿಟಕಿಯಲ್ಲಿ ನೋಡಿದವಳು ನಾನು. ಆದರೂ ಅಷ್ಟು ಹತ್ತಿರ, ಕುರ್ಚಿಯಲ್ಲಿ ಕೂತು ಕತ್ತೆತ್ತಿದಾಗ, ಒಂದೇ ಕಲ್ಲು ಇಷ್ಟು ದೂರ ಆಕಾಶಕ್ಕೆ ಹೋಗಬಹುದೇ ಎನಿಸಿ ಮೈ ಜುಮ್ಮೆಂದಿತು.

ದೀಪ ಹಚ್ಚಿದವರು ಶಿರಾದ ಬಾಷಾ ಸಾಬ್ರು. ಎಪ್ಪತ್ತು ದಾಟಿದವರು. ಕಂಪ್ಯೂಟರ್ ಇಲ್ಲದ ಕಾಲದಲ್ಲಿ ನೆಗೆಟಿವ್ ಮೇಲೆ ಪೆನ್ಸಿಲ್ ಆಡಿಸಿ ಮುಖದ ಕಲೆ ಮುಚ್ಚುತ್ತಿದ್ದರಂತೆ. ಮಂಡಿನೋವಿನ ಅವರನ್ನು ಇಬ್ಬರು ಹಿಡಿದು ವೇದಿಕೆ ಹತ್ತಿಸಿದರು. ಹಾರ, ಹಣ್ಣಿನ ಜೊತೆಗೆ ನಮ್ಮ ಕಡೆಯ ವಾಡಿಕೆಯಂತೆ ಕರಿ ಕಂಬಳಿ ಹೊದಿಸಿದರು. ಬಿಸಿಲಿಗೆ ಬೆವರುತ್ತಾ ಅವರು, ಇದನ್ನು ತೆಗೆದರೆ ಮರ್ಯಾದೆ ಹೋಗುತ್ತದೆಯೇ ಎಂದು ಪಕ್ಕದವರನ್ನು ಕೇಳಿದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು.

ನನ್ನ ಪಕ್ಕದ ಕುರ್ಚಿಯಲ್ಲಿ ಕೂತಿದ್ದವಳು ಕ್ಯಾತಗಾನಚೆರ್ಲಿನ ಈರಮ್ಮ. ಕುರಿ ಸಾಕುವ ಮನೆಯವಳು. ಹೊಲಗಳೆಲ್ಲ ಸೋಲಾರ್ ಪಾರ್ಕಿಗೆ ಹೋಗಿ ಮೇಯಿಸಲು ಜಾಗ ಕಡಿಮೆಯಾದ ಮೇಲೆ ಸ್ಟುಡಿಯೋ ಇಟ್ಟಳಂತೆ. ಕುರಿಗಳು ಹೇಳಿದ ಕಡೆ ನಿಲ್ಲುತ್ತಿದ್ದವು, ಮದುವೆ ಮನೆಯವರು ನಿಲ್ಲುವುದಿಲ್ಲ ಎಂದು ನನ್ನನ್ನು ನಗಿಸಿದಳು.

ಮೊದಲ ಪಾಠ ಶುರುವಾಯಿತು. ಡ್ರೋನು ಬಂಡೆಯ ಮೈಗೆ ಹತ್ತಿರ ಹೋಗಿ ಫೋಟೋ ತೆಗೆಯುವುದು, ಅದು ಆಗಲೇ ದೊಡ್ಡ ಪರದೆಯ ಮೇಲೆ ಬರುವುದು, ಬೆಂಗಳೂರಿನ ತಜ್ಞರು ಅಲ್ಲೇ ತಿದ್ದಿ ತೋರಿಸುವುದು. ಮೊದಲ ಫೋಟೋದ ಆಕಾಶದಲ್ಲಿ ಕರಿ ಚುಕ್ಕೆಗಳಿದ್ದವು. ಯಾರೋ ಲೆನ್ಸ್ ಒರೆಸಿಲ್ಲ ಎಂದು ತಜ್ಞರು ತಮಾಷೆ ಮಾಡಿ ಒಂದೊಂದಾಗಿ ಅಳಿಸಿದರು. ಚಪ್ಪಾಳೆ ಬಿತ್ತು. ಎರಡನೆಯದರಲ್ಲೂ ಚುಕ್ಕೆ. ಮತ್ತೆ ಅಳಿಸಿದರು, ಮತ್ತೆ ಚಪ್ಪಾಳೆ. ಯಾವ ಬ್ರಷ್, ಎಷ್ಟು ಸೈಜ್ ಎಂದು ಪ್ರಶ್ನೆಗಳೂ ಬಂದವು.

ಧೂಳು ಜಾಗ ಬದಲಿಸುವುದಿಲ್ಲ. ಕ್ಯಾಮೆರಾದೊಳಗೆ ಕೂತ ಧೂಳು ಎಷ್ಟು ಫೋಟೋ ತೆಗೆದರೂ ಅದೇ ಮೂಲೆಯಲ್ಲೇ ಕಾಣುತ್ತದೆ. ಈ ಚುಕ್ಕೆಗಳು ಸರಿದಿದ್ದವು, ಹೆಚ್ಚಾಗಿದ್ದವು. ನಾನು ನೋಡಿದೆ. ಆದರೆ ಅಷ್ಟು ಜನರ ಮುಂದೆ ತಪ್ಪು ಹೇಳಿದರೆ? ಹಾಗಾಗಿ ಹೊಸ ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದುಕೊಂಡೆ: 'ಚುಕ್ಕೆ ಚಲಿಸಿದೆ. ಆಮೇಲೆ ಕೇಳಬೇಕು.'

ಪರದೆಯ ಬದಲು ಆಕಾಶ ನೋಡಿದವಳು ಈರಮ್ಮ ಒಬ್ಬಳೇ. ಎದ್ದು ನಿಂತು, ದನಿ ಏರಿಸದೆ, ತನ್ನ ಗಡಿಯೂರಿನ ತೆಲುಗು ಬೆರೆಸಿ, "ಸ್ವಾಮೀ, ಅದು ಧೂಳು ಕಾದು, ಧೂಳಲ್ಲ, ಜೇನು. ಮೇಲಕ್ ನೋಡ್ರಿ" ಎಂದಳು.

ನೋಡುವಷ್ಟರಲ್ಲಿ ಬಂದಾಗಿತ್ತು. ಬಂಡೆಯ ಚಾಚಿನ ಕೆಳಗೆ ಕಟ್ಟಿದ್ದ ಹೆಜ್ಜೇನು ಡ್ರೋನಿನ ಸದ್ದಿಗೆ ಎದ್ದಿತ್ತು. ಕುರ್ಚಿಗಳು ಉರುಳಿದವು. ಎಲ್ಲರೂ ಊಟದ ಹಾಲ್‌ನೊಳಗೆ ನುಗ್ಗಿದೆವು. ಗಾಜಿನ ಬಾಗಿಲನ್ನು ಒಳಗಿನಿಂದ ಎಳೆದು ಹಿಡಿದ ಕೈಗಳಲ್ಲಿ ನನ್ನದೂ ಒಂದು. ಆಮೇಲೆ ನೋಡಿದರೆ ವೇದಿಕೆಯ ಮೇಲೆ ಬಾಷಾ ಸಾಬ್ರು ಒಬ್ಬರೇ, ಎದ್ದೇಳಲಾಗದೆ, ಕೈ ಬೀಸುತ್ತಿದ್ದರು. ಬೀಸಿದಷ್ಟೂ ಜೇನು ಮುತ್ತುತ್ತಿತ್ತು.

ಈರಮ್ಮ ಒಳಗೆ ಬಂದಿರಲಿಲ್ಲ. ಓಡಲೂ ಇಲ್ಲ. ಸೆರಗನ್ನು ಮುಖಕ್ಕೆ ಸುತ್ತಿಕೊಂಡು, ಮಂದೆ ಬೆದರದಂತೆ ನಡೆಯುವವಳ ಹಾಗೆ ಮೆಲ್ಲಗೆ ವೇದಿಕೆ ಹತ್ತಿದಳು. ಅವರ ಕಂಬಳಿಯನ್ನೇ ಬಿಡಿಸಿ ಇಬ್ಬರ ಮೇಲೂ ಎಳೆದುಕೊಂಡು ಕುಕ್ಕರಿಸಿದಳು. ಆಮೇಲೆ ಆ ಕರಿ ಗುಡ್ಡೆ ಅಲುಗಾಡಲಿಲ್ಲ. ಅದರ ಮೇಲೆಲ್ಲ ಜೇನು ಕೂತು, ಕಂಬಳಿಯೇ ಉಸಿರಾಡುತ್ತಿರುವಂತೆ ಕಾಣುತ್ತಿತ್ತು. ಹಿಂದೆ ಬೆಟ್ಟ, ಮುಂದೆ ಅದರದೇ ಮರಿಯಂತೆ ಆ ಗುಡ್ಡೆ. ನನ್ನ ಆಯಸ್ಸಿನಲ್ಲಿ ಅಂಥ ನಿಶ್ಚಲತೆಯನ್ನು ನಾನು ಕಂಡಿಲ್ಲ. ಅಡುಗೆಯವರು ಹಿತ್ತಲಲ್ಲಿ ಒದ್ದೆ ಗೋಣಿಚೀಲಕ್ಕೆ ಬೆಂಕಿಯಿಟ್ಟು ಹೊಗೆ ಎಬ್ಬಿಸಿ, ಜೇನು ಚದುರಲು ಅರ್ಧ ಗಂಟೆಯೇ ಹಿಡಿಯಿತೇನೋ. ಸಾಬ್ರನ್ನು ಆಂಬುಲೆನ್ಸಿಗೆ ಹತ್ತಿಸಿದರು. ಜೀವಕ್ಕೆ ಭಯವಿಲ್ಲ ಎಂಬ ಸುದ್ದಿ ಬಂದದ್ದು ಸಂಜೆಗೆ. ಸಮ್ಮೇಳನದ ಎರಡನೆಯ ದಿನ ನಡೆಯಲಿಲ್ಲ.

ಸಾಬ್ರನ್ನು ನೋಡಲು ಎಲ್ಲರೂ ಹೋಗಿಬಂದರು. ನಾನು ಮಾತ್ರ ಕೆಲಸದ ನೆಪ ಹೇಳುತ್ತಲೇ ಇದ್ದೆ. ಇವತ್ತು ಅಜ್ಜನ ಫೋಟೋ ಕೊಟ್ಟು ಕಳಿಸಿ, ಅಂಗಡಿ ಮುಚ್ಚಿ, ಶಿರಾಕ್ಕೆ ಹೋದೆ.

ಸಾಬ್ರು ಚಹಾ ತರಿಸಿದರು. ಕಂಬಳಿಯ ಕತ್ತಲಲ್ಲಿ ಈರಮ್ಮ ಅವರ ಎರಡೂ ಕೈ ಹಿಡಿದು, ನೆಗೆಟಿವ್ ಮೇಲೆ ಪೆನ್ಸಿಲ್ ಇಡುವಾಗ ಉಸಿರು ಹೇಗೆ ಹಿಡಿಯುತ್ತಿದ್ದಿರಿ ಎಂದು ಕೇಳಿದಳಂತೆ. ಹಾಗೇ ಹಿಡಿದು ತೋರಿಸಿದೆ, ಕೈ ಕೊಸರುವುದು ತಾನೇ ನಿಂತಿತು ಎಂದರು. ಆಮೇಲೆ ನಾನು ಬಂದ ವಿಷಯ ಹೇಳಿದೆ. ಚುಕ್ಕೆ ಸರಿದದ್ದು, ಬರೆದುಕೊಂಡದ್ದು, ಬಾಗಿಲು ಹಿಡಿದದ್ದು, ಎಲ್ಲವನ್ನೂ.

ಅವರು ಲೋಟ ಕೆಳಗಿಟ್ಟರು. "ನೀನು ಕೂಗಿದ್ರೆ ಈ ಮಂಡೀಲಿ ನಾನೇನು ಓಡ್ತಿದ್ನಾ ಬೇಟಿ?" ಎಂದರು. ನನಗೆ ಹಗುರವಾಗುವ ಮೊದಲೇ ಸೇರಿಸಿದರು: "ಆದ್ರೂ ಹೇಳ್ಬೇಕಿತ್ತು. ನಕ್ರೆ ನಗ್ಲಿ ಜನ."

ಸಂಜೆ ವಾಪಸು ಬರುವ ಬಸ್ಸಿನಲ್ಲಿ, ಮಧುಗಿರಿ ಇನ್ನೂ ದೂರವಿರುವಾಗ, ರಬ್ಬರ್ ಸುಟ್ಟ ವಾಸನೆ ಬಂತು. ಯಾರೂ ಮಾತಾಡಲಿಲ್ಲ. ನಾನು ಎದ್ದು ನಿಂತು, ಬಸ್ ನಿಲ್ಲಿಸಿ ಎಂದು ಜೋರಾಗಿ ಕೂಗಿದೆ. ಕಂಡಕ್ಟರ್ ಇಳಿದು ಚಕ್ರಗಳನ್ನೆಲ್ಲ ಮೂಸಿ ಬಂದ. "ಏನೂ ಇಲ್ಲ ಕಣಮ್ಮ. ಈ ಬಸ್ಸು ದಿನಾ ಇಂಗೇ ನಾರೋದು" ಎಂದ. ಬಸ್ಸಿಡೀ ನಕ್ಕಿತು. ನಾನು ಸೀಟಿನಲ್ಲಿ ಕೂತು, ಎಲ್ಲರೂ ನಕ್ಕು ಮುಗಿಸುವವರೆಗೆ ತಲೆ ತಗ್ಗಿಸದೆ ಕಾದೆ.