ಕೆನ್ನೆಗೆ ತಣ್ಣಗಿರುವ ಬಾತು

ಬೀದಿಯ ಮಕ್ಕಳಿಗೆಲ್ಲ ಅವನು ಬಾತು ಮಾಮ. ಹಾಗಂತ ಬಾತುಕೋಳಿ ಸಾಕಿದವನೇನಲ್ಲ, ಜೀವವಿರುವ ಬಾತು ಎದುರಿಗೆ ಬಂದರೆ ರಸ್ತೆ ದಾಟಿ ಆಚೆ ಬದಿಗೆ ಹೋಗುವ ಆಸಾಮಿ. ಅವನ ಬಾತುಗಳೆಲ್ಲ ಪ್ಲಾಸ್ಟರಿನವು. ಹೂಗಿಡಗಳ ನಡುವೆ ಜನ ಆಸೆಪಟ್ಟು ಇಟ್ಟುಕೊಳ್ಳುವ ಬಾತು, ಮೊಲ, ಅಣಬೆ, ಗಡ್ಡದ ಕುಳ್ಳ, ಇಂಥವನ್ನು ಮಾಡುವುದೇ ಮನೆಯ ಕಸುಬು. ಅಪ್ಪ ಬಿಟ್ಟುಹೋದ ಆಸ್ತಿಯೆಂದರೆ ಮನೆಯ ಹಿಂದೊಂದು ತಗಡಿನ ಶೆಡ್ಡು, ಒಂದಷ್ಟು ರಬ್ಬರ್ ಅಚ್ಚುಗಳು ಮತ್ತು ಬೈಯುವುದಕ್ಕೆ ಒಬ್ಬಳು ಅಕ್ಕ.

ಅಕ್ಕ ಎರಕ ಹಾಕುವವಳು, ತಮ್ಮ ಬಣ್ಣ ಬಳಿಯುವವನು. ಅಕ್ಕನಿಗೆ ಮದುವೆ ಕೂಡಿಬರಲಿಲ್ಲ. ತಮ್ಮನಿಗೆ ಕೂಡಿಬಂದದ್ದನ್ನು ಅವನೇ ಕೈಯಾರೆ ಕೆಡಿಸಿಕೊಂಡ. ಮಾತುಕತೆಗೆಂದು ಹೋದ ಮನೆಯ ಅಂಗಳದಲ್ಲಿ ಒಂದು ಗೊಂಬೆ ನೋಡಿ, "ಇದಕ್ಕೆ ಯಾರ್ರೀ ಇಷ್ಟು ಕೆಟ್ಟದಾಗಿ ವಾರ್ನಿಷ್ ಹೊಡೆದದ್ದು?" ಅಂತ ಕೇಳಿಬಿಟ್ಟ. ಹೊಡೆದದ್ದು ಹುಡುಗಿಯ ಅಪ್ಪ. ಅಕ್ಕ ದಾರಿಯುದ್ದಕ್ಕೂ ನಕ್ಕಳು, ಮನೆಗೆ ಬಂದಮೇಲೆ ಬೈದಳು. ಆಮೇಲೆ ಇಬ್ಬರೂ ಆ ವಿಷಯ ಎತ್ತಲಿಲ್ಲ.

ಅವರ ಗೊಂಬೆಗಳು ಮಳೆಬಿಸಿಲಿಗೆ ಜಗ್ಗುವುದಿಲ್ಲವೆಂದು ಊರಿಗೇ ಹೆಸರಾಗಿತ್ತು. ಪ್ಲಾಸ್ಟರಿಗೆ ನೀರೆಂದರೆ ಪ್ರಾಣ, ಎಲ್ಲಿ ಸಿಕ್ಕರೂ ಹೀರಿಕೊಳ್ಳುತ್ತದೆ, ಹೀರಿಕೊಂಡು ತಾನೇ ಹಾಳಾಗುತ್ತದೆ. ಅದಕ್ಕೇ ಅವನು ಮೊದಲು ಎಣ್ಣೆ ಕುಡಿಸಿ, ಮೇಲೆ ಪ್ರೈಮರ್, ಬಣ್ಣ, ಕಡೆಗೆ ವಾರ್ನಿಷ್ ಬಳಿಯುತ್ತಿದ್ದ. ತಳವನ್ನಂತೂ ಬಿಡುತ್ತಲೇ ಇರಲಿಲ್ಲ. ಕೊಳ್ಳುವವರಿಗೆ, "ನೆಲದ ಮೇಲೆ ಇಡಬೇಡಿ, ಕೆಳಗೆ ಇಟ್ಟಿಗೆ ಕೊಡಿ, ಜಡಿಮಳೆಯಲ್ಲಿ ಒಳಗಿಟ್ಟುಕೊಳ್ಳಿ" ಎಂದು ಹೇಳಿಹೇಳಿ ಅವನ ಬಾಯಿ ಸವೆದಿತ್ತು.

ಆದರೆ ಯಾವ ಗೊಂಬೆಗೆ ಯಾವಾಗ ಬಣ್ಣ ಎನ್ನುವುದು ಅಕ್ಕನ ಅಪ್ಪಣೆ. ಪ್ಲಾಸ್ಟರು ಕಣ್ಣಿಗೆ ಸುಳ್ಳು ಹೇಳುತ್ತದೆ. ಮೇಲೆ ಬೆಳ್ಳಗೆ ಒಣಗಿದಂತೆ ಕಂಡರೂ ಹೊಟ್ಟೆಯಲ್ಲಿ ನೀರು ಇಟ್ಟುಕೊಂಡಿರುತ್ತದೆ. ಅದನ್ನು ಪತ್ತೆ ಮಾಡಲು ಅಕ್ಕ ಬೆಳಿಗ್ಗೆ ಶೆಡ್ಡಿಗೆ ಹೋಗಿ ಒಂದೊಂದೇ ಗೊಂಬೆಯನ್ನೆತ್ತಿ ಕೆನ್ನೆಗೆ ಒತ್ತಿಕೊಳ್ಳುವಳು. ಒಳಗೆ ತೇವವಿದ್ದರೆ ಕೆನ್ನೆಗೆ ತಣ್ಣಗೆ ತಾಕುತ್ತದೆ. "ಇನ್ನೂ ತಣ್ಣಗಿದೆ ಕಣೋ, ನಾಳೆ ನೋಡೋಣ" ಅಂದರೆ ಅವನು ಕುಂಚ ಮುಟ್ಟುವಂತಿಲ್ಲ. "ಹ್ಞೂಂ, ಆಯ್ತು, ಬಳ್ಕೋ" ಅಂದಮೇಲೇ ಡಬ್ಬಿಯ ಮುಚ್ಚಳ ತೆಗೆಯುವುದು. ಇಷ್ಟು ವರ್ಷದಲ್ಲಿ ಅವನು ಒಮ್ಮೆಯೂ ತನ್ನ ಕೆನ್ನೆ ಇಟ್ಟು ನೋಡಿದವನಲ್ಲ. ಅದು ಅವಳ ಕೆಲಸ.

ಹೋದ ಮಳೆಗಾಲಕ್ಕೆ ಮುಂಚೆ ಅಕ್ಕ ಒಂದು ಬಾತು ಎರಕ ಹಾಕಿ, ಅಚ್ಚಿನಿಂದ ಬಿಡಿಸಿ, ಹಲಗೆಯ ಮೇಲಿಟ್ಟು, ಮೈ ಯಾಕೋ ಬಿಸಿಯೆಂದು ಹೋಗಿ ಮಲಗಿದಳು. ಆಸ್ಪತ್ರೆಗೆ ಹೋದವಳು ವಾಪಸ್ಸು ಬರಲಿಲ್ಲ. ಬಂದವರೆಲ್ಲ ಸಮಾಧಾನ ಹೇಳಿ ಹೋದಮೇಲೆ ಅವನು ಶೆಡ್ಡಿಗೆ ಬಂದು ನೋಡಿದರೆ ಬಾತು ಹಾಗೇ ಕೂತಿತ್ತು, ಕತ್ತು ತುಸು ಹಿಂದಕ್ಕೆ ತಿರುಗಿಸಿಕೊಂಡು.

ಮಳೆ ಶುರುವಾಗಿತ್ತು. ತಗಡಿನ ತೂತಿನಿಂದ ಹನಿ ಬೀಳುತ್ತಿತ್ತು. ಅವನಿಗೆ ಒಂದೇ ದಿಗಿಲು: ಅಕ್ಕನ ಕೈಯ ಕಡೆಯ ಗೊಂಬೆ ಇದು, ಇದಕ್ಕೆ ಏನೂ ಆಗಬಾರದು. ನೋಡಿದರೆ ಬೆಳ್ಳಗೆ ಇತ್ತು. ಕೆನ್ನೆಯ ವಿಷಯ ಅವನಿಗೆ ನೆನಪಾಗಲಿಲ್ಲವೇ? ಆಯಿತು. ಆದರೆ ಅವಳು ಮುಖ ಇಡುತ್ತಿದ್ದ ಜಾಗದಲ್ಲಿ ತನ್ನ ಮುಖ ಇಡಲು ಅವನಿಂದ ಆಗಲಿಲ್ಲ. ಎಣ್ಣೆ ಕುಡಿಸಿದ, ಪ್ರೈಮರ್ ಬಳಿದ, ಬಣ್ಣ ಕೊಟ್ಟ, ವಾರ್ನಿಷ್ ಮೇಲೆ ವಾರ್ನಿಷ್ ಹೊಡೆದ. ಯಾವ ಗಿರಾಕಿಗೂ ಮಾಡದ ಉಪಚಾರವೆಲ್ಲ ಅದಕ್ಕೆ ನಡೆಯಿತು. ಬಾಗಿಲ ಮುಂದೆ ಇಟ್ಟಿಗೆಯ ಮೇಲೆ ಕೂರಿಸಿ, ಮೋಡ ಕಂಡರೆ ಸಾಕು, ಓಡಿಹೋಗಿ ಒಳಗೆ ತಂದಿಟ್ಟುಕೊಳ್ಳುತ್ತಿದ್ದ.

ಆಮೇಲೆ ರೆಕ್ಕೆಯ ಕೆಳಗೆ ಒಂದು ಗುಳ್ಳೆ ಎದ್ದಿತು.

ಬಿಸಿಲನ್ನು ಬೈದ. ವಾರ್ನಿಷ್ ಮಾರಿದವನಿಗೆ ಹಿಡಿಶಾಪ ಹಾಕಿದ. ಗುಳ್ಳೆಯ ಮೇಲೆ ಇನ್ನೊಂದು ಕೋಟ್ ಹೊಡೆದ. ಗುಳ್ಳೆ ಎದೆಗೆ ಇಳಿಯಿತು, ಕತ್ತಿಗೆ ಹತ್ತಿತು. ಗೊಂಬೆ ಒಯ್ಯಲು ಬರುವ ನರ್ಸರಿಯ ಹೆಂಗಸು ಒಳ್ಳೆಯವಳೇ, ಆದರೆ ಬಾಯಿ ಸ್ವಲ್ಪ ಮುಂದು.

"ಏನಣ್ಣಾ ಇದು, ಸಿಡುಬು ಬಂದ ಹಾಗಿದೆ? ಎತ್ತಿ ಬಿಸಾಕಿ. ಅಚ್ಚು ಇದೆಯಲ್ಲ, ಬೇರೆ ಹಾಕಿದ್ರಾಯ್ತು."

"ನಾನು ಹಾಕಿದ್ರೆ ಅದು ನಂದಾಗುತ್ತೆ ಕಣಮ್ಮ" ಅಂದ ಅವನು. ಅವಳಿಗೆ ತಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ತುಟಿ ಕಚ್ಚಿಕೊಂಡಳು.

ಅವಳು ಹೋದಮೇಲೆ ಅವನು ಒಂದು ಗುಳ್ಳೆಯನ್ನು ಉಗುರಿನಿಂದ ಒತ್ತಿದ. ಒಡೆಯಿತು, ನೀರು ಬಂತು. ಒರೆಸಿದರೆ ಮತ್ತೆ ಜಿನುಗಿತು. ಹೊರಗಿನ ನೀರಲ್ಲ ಇದು. ಅಕ್ಕ ಕಲಸಿದ ನೀರು ಒಣಗುವ ಮೊದಲೇ ತಾನು ಎಲ್ಲ ದಾರಿಯನ್ನೂ ಮುಚ್ಚಿ ಒಳಗೇ ಕೂಡಿಹಾಕಿದ್ದೇನೆ, ಹೊರಗೆ ಬರಲು ಜಾಗವಿಲ್ಲದೆ ಅದು ಗೊಂಬೆಯನ್ನೇ ತಿನ್ನುತ್ತಿದೆ. ಬೇರೆಯವರಿಗೆ ಬುದ್ಧಿ ಹೇಳಿದ್ದೇನು, ಮನೆಯಲ್ಲಿ ಮಾಡಿದ್ದೇನು! ತನ್ನನ್ನು ತಾನೇ ಬೈದುಕೊಳ್ಳಲು ಹೋದ, ಸರಿಯಾಗಿ ಬರಲಿಲ್ಲ. ಬೈಗುಳವೂ ಅಕ್ಕನದೇ ಕೆಲಸವಾಗಿತ್ತು.

ಉಪ್ಪುಕಾಗದ ತೆಗೆದುಕೊಂಡು ತನ್ನ ವಾರ್ನಿಷ್, ತನ್ನ ಬಣ್ಣ, ತನ್ನ ಪ್ರೈಮರ್ ಎಲ್ಲವನ್ನೂ ಉಜ್ಜಿ ತೆಗೆದ. ಕೈ ಬಿಗಿಯಾದರೆ ಮೆತ್ತಗಾದ ಪ್ಲಾಸ್ಟರಿನ ಜೊತೆ ಅಕ್ಕನ ಕೆಲಸವೂ ಸವೆದುಹೋಗುತ್ತದೆ. ಉಸಿರು ಬಿಗಿಹಿಡಿದು ಉಜ್ಜಿದ. ತಳದಲ್ಲಿ ಸಣ್ಣ ತೂತು ಕೊರೆದ. ಅಡುಗೆಮನೆಯ ಕಿಟಕಿಯ ಬಳಿ, ಒಲೆಯ ಶಾಖ ನೇರವಾಗಿ ತಾಕದ ಹಾಗೆ, ಅಕ್ಕನ ಕುರ್ಚಿಯ ಮೇಲೆ ಕೂರಿಸಿದ. ಅವಳು ಹೋದಮೇಲೆ ಆ ಕುರ್ಚಿಯ ಮೇಲೆ ಅದುವರೆಗೆ ಒಂದು ಟವೆಲನ್ನೂ ಇಟ್ಟಿರಲಿಲ್ಲ.

ಮಾರನೆಯ ಬೆಳಿಗ್ಗೆ, ಮನೆಯಲ್ಲಿ ತಾನೊಬ್ಬನೇ ಎಂದು ಗೊತ್ತಿದ್ದೂ ಅತ್ತಿತ್ತ ನೋಡಿ, ಬಾತನ್ನು ಎತ್ತಿ ಕೆನ್ನೆಗೆ ಇಟ್ಟುಕೊಂಡ. ಮಂಜುಗಡ್ಡೆಯಷ್ಟು ತಣ್ಣಗಿತ್ತು. ಅಷ್ಟು ದಿನ ಬಾರದ ಅಳು ಆಗ ಬಂತು. ಅಕ್ಕ ಸತ್ತ ದಿನವೂ ಅವನು ಹಾಗೆ ಅತ್ತಿರಲಿಲ್ಲ.

ಅಲ್ಲಿಂದ ಅದೊಂದು ಅಭ್ಯಾಸವೇ ಆಯಿತು. ಎದ್ದು ಮುಖ ತೊಳೆದು, ಟೀಗೆ ನೀರಿಟ್ಟು, ಕೆನ್ನೆ ಇಟ್ಟು ನೋಡುವುದು. "ಇನ್ನೂ ತಣ್ಣಗಿದೆ ಕಣೋ, ನಾಳೆ ನೋಡೋಣ" ಎಂದು ಗಟ್ಟಿಯಾಗಿಯೇ ಹೇಳುವುದು. ಮನೆಯಲ್ಲಿ ಒಂದು ಮಾತು ಕೇಳಿಸಿದಂತಾಗುತ್ತಿತ್ತು. ಆಮೇಲೆ ಟೀ ಕುಡಿದು ಕೆಲಸಕ್ಕೆ ಹೋಗುತ್ತಿದ್ದ. ಬಾತು ಉಳಿಯುತ್ತದೋ ಪುಡಿಯಾಗುತ್ತದೋ ಎಂಬ ಆತಂಕ ಇದ್ದೇ ಇತ್ತು. ಆದರೆ ಬೆಳಿಗ್ಗೆ ಏಳುವುದಕ್ಕೆ ಈಗ ಒಂದು ಕಾರಣವೂ ಇತ್ತು.

ಮಳೆ ಹಿಂದೆ ಸರಿಯಿತು, ಬಿಸಿಲು ಕಿಟಕಿಯೊಳಗೆ ಬರತೊಡಗಿತು. ಒಂದು ಬೆಳಿಗ್ಗೆ ಕೆನ್ನೆ ಇಟ್ಟರೆ ಬಾತು ತಣ್ಣಗಿರಲಿಲ್ಲ. ಇನ್ನೊಂದು ಕೆನ್ನೆ ಇಟ್ಟ. ಇಲ್ಲ. ಕೈಯಲ್ಲಿ ಹಗುರವಾಗಿತ್ತು, ಬೆರಳಲ್ಲಿ ತಟ್ಟಿದರೆ ಟಣ್ ಎಂದಿತು. ಒಣಗಿತ್ತು. ಬದುಕಿತ್ತು. ಅವನಿಗೆ ಕುಣಿಯುವಷ್ಟು ಖುಷಿಯಾಗಬೇಕಿತ್ತು, ಆಯಿತು ಕೂಡ, ಟೀ ಕುದಿಯುವಷ್ಟು ಹೊತ್ತು. ಆಮೇಲೆ ನಾಳೆಯ ಬೆಳಿಗ್ಗೆ ನೆನಪಾಯಿತು. ಬಣ್ಣ ಬಳಿದಮೇಲೆ ಯಾರೂ ಕೆನ್ನೆ ಇಟ್ಟು ನೋಡುವುದಿಲ್ಲ.

ಅಷ್ಟರಲ್ಲಿ ಗೇಟಿನ ಬಳಿ ನರ್ಸರಿಯವಳ ಆಟೋ ನಿಂತಿತು. ಬಂದಾಗಲೆಲ್ಲ ಕುರ್ಚಿಯ ಮೇಲಿನ ಬಾತನ್ನು ನೋಡಿದ್ದವಳು ಅಡುಗೆಮನೆಯ ಕಿಟಕಿಗೆ ಕೇಳುವಂತೆ ಕೂಗಿದಳು: "ಒಣಗ್ತಾ ಅಣ್ಣಾ, ನಿಮ್ಮ ಬಾತು?"

ಬಾತು ಅವನ ಕೈಯಲ್ಲೇ ಇತ್ತು, ಬೆಚ್ಚಗೆ.

"ಇಲ್ಲಮ್ಮ, ಇನ್ನೂ ತಣ್ಣಗಿದೆ" ಅಂದ. "ನಾಳೆ ನೋಡೋಣ."

ಮತ್ತೆ ಅದನ್ನು ಅಕ್ಕನ ಕುರ್ಚಿಯ ಮೇಲೆ ಕೂರಿಸಿ, ಮೊಲಗಳನ್ನು ಎತ್ತಿಕೊಡಲು ಶೆಡ್ಡಿಗೆ ಹೋದ.