ಅಜ್ಜಿಗಿಟ್ಟ ನೀರು

ನಂಬುವುದು ಬಿಡುವುದು ನಿಮಗೆ ಸೇರಿದ್ದು... ಕಥೆ ಕಟ್ಟುವಷ್ಟು ಬುದ್ಧಿ ನನಗಿಲ್ಲ. ಹಳೇ ಬೆಳ್ಳಿ ಲೋಟ ಕೂಡಿಡುವ ಹುಚ್ಚೊಂದಿದೆ, ಅಷ್ಟೇ. ಮುಳಬಾಗಿಲಿನ ನಮ್ಮ ಮನೆಯ ಬೀರು ತುಂಬ ಅವೇ.

ಹೋದ ವರ್ಷ ದೇವರಾಯಸಮುದ್ರದಿಂದ ಲಕ್ಷ್ಮಕ್ಕ ಎನ್ನುವವರು ಫೋನ್ ಮಾಡಿ, ಆ ವಾರವಷ್ಟೇ ತೀರಿಕೊಂಡಿದ್ದ ತಮ್ಮ ಅತ್ತೆಯ ಬೆಳ್ಳಿ ಲೋಟ ಕೊಡುವುದಾಗಿ ಹೇಳಿದರು. ಬೇರೆ ಯಾರಾದರೂ ಹೊಡೆದುಕೊಂಡು ಹೋದಾರೆಂದು ಅಂದೇ ಓಡಿದೆ. ತಲುಪುವಾಗ ಕತ್ತಲಾಗಿತ್ತು.

"ಆ ರೂಮಲ್ಲೈತೆ, ನೋಡ್ಕೊಳ್ಳಿ ಅಣ್ಣ. ಈಗ್ಲೇ ಮುಟ್ಬೇಡಿ, ಹನ್ನೊಂದು ದಿನ ಕಳೀಲಿ. ಕಾಫಿಗೆ ಹಾಲು ತರ್ತೀನಿ," ಎಂದು ಅವರು ಹೊರಗೆ ಹೋದರು.

ಕಿಟಕಿಗೆ ಸರಳು. ಮೂಲೆಯಲ್ಲಿ ದೀಪ, ಪಕ್ಕದಲ್ಲಿ ಲೋಟ, ಅದರ ತುಂಬ ನೀರು. ಪ್ರಾಣ ಹೋದ ಜಾಗದಲ್ಲಿ ಸತ್ತವರಿಗೆಂದು ನೀರಿಡುತ್ತಾರೆ... ನನಗೆ ಗೊತ್ತಿಲ್ಲದ್ದೇನಲ್ಲ. ಆದರೆ ತಳದಲ್ಲಿ ಕೆತ್ತಿದ ಹೆಸರು ಓದದೆ ನನ್ನ ಕೈ ಸುಮ್ಮನಿರುವುದಿಲ್ಲ. ನೀರು ಕಿಟಕಿಯಿಂದ ಚೆಲ್ಲಿದರೆ ಲಕ್ಷ್ಮಕ್ಕನಿಗೆ ಗೊತ್ತಾಗುತ್ತದೆ. ಗಟಗಟನೆ ಕುಡಿದುಬಿಟ್ಟೆ.

ಲೋಟ ಬೋರಲು ಮಾಡಿದೆ... ಹಿಂದೆ ಬಾಗಿಲು ಮುಚ್ಚಿಕೊಂಡಿತು.

ಎಳೆದೆ. ಒದ್ದೆ. ಅಲುಗಲಿಲ್ಲ. ಎಲ್ಲಿಂದಲೋ ನೀಲಗಿರಿ ಎಣ್ಣೆಯ ವಾಸನೆ. ಕಿವಿಯ ಹತ್ತಿರವೇ ಒಣಗಿದ ಗಂಟಲಿನ ಸದ್ದು...

"ನೀಳ್ಳು... ನಾಯನಾ, ನೀಳ್ಳು..."

ಮುದುಕಿಯ ದನಿ. ತೆಲುಗಿನಲ್ಲಿ ನನ್ನನ್ನೇ ನೀರು ಕೇಳುತ್ತಿತ್ತು. ಇನ್ನು ನಾನು ಈ ಕೋಣೆಯಿಂದ ಜೀವಂತ ಹೊರಗೆ ಹೋಗುವುದಿಲ್ಲ ಅನ್ನಿಸಿತು. ಸರಳು ಹಿಡಿದು ಕಿರುಚಿದೆ.

ಲಕ್ಷ್ಮಕ್ಕ ಓಡಿಬಂದು ಬಾಗಿಲು ತಳ್ಳಿದರು. ಆಗಲಿಲ್ಲ. ಕಿಟಕಿಗೆ ಬಂದವರು ನನ್ನ ಕೈಯಲ್ಲಿದ್ದ ಖಾಲಿ ಲೋಟ ನೋಡಿದರು.

"ಕುಡಿದ್ಬಿಟ್ರಾ? ಅಯ್ಯೋ, ಎಂಥಾ ಕೆಲ್ಸ ಮಾಡಿದ್ರಿ! ಹಿಡೀರಿ ಇಲ್ಲಿ."

ಚೊಂಬಿನಲ್ಲಿ ನೀರು ತಂದು ಸರಳಿನ ಸಂದಿಯಿಂದ ಲೋಟಕ್ಕೆ ಸುರಿದರು. ಲೋಟವನ್ನು ಅದರ ಜಾಗದಲ್ಲಿಟ್ಟೆ. ಬಾಗಿಲು ತಾನಾಗಿ ತೆರೆಯಿತು.

"ಆ ಬಾಗ್ಲಿಗೆ ಚಿಲ್ಕಾನೇ ಇಲ್ಲ ಅಣ್ಣ," ಎಂದು ಲಕ್ಷ್ಮಕ್ಕ ಪಿಸುಗುಟ್ಟಿದರು.

ಲೋಟವೂ ಬೇಡ, ಏನೂ ಬೇಡವೆಂದು ಬಂದುಬಿಟ್ಟೆ. ಮನೆಯಲ್ಲಿ ಬೀರು ತೆರೆದು ಲೋಟಗಳನ್ನು ಒಂದೊಂದಾಗಿ ನೋಡಿದೆ. ಇವೆಲ್ಲ ಯಾರ್ಯಾರು ಕುಡಿದ ಲೋಟಗಳೋ... ಒಂದು ದಿನವೂ ಕೇಳಿದವನಲ್ಲ. ಹೆಂಡತಿ ಬೈದರೂ ಎಲ್ಲಕ್ಕೂ ನೀರು ತುಂಬಿ, ಬೀರುವಿಗೆ ಬೀಗ ಹಾಕಿ ಮಲಗಿದೆ.

ಬೆಳಿಗ್ಗೆ ನೋಡಿದರೆ, ಅವುಗಳಲ್ಲಿ ಏಳು ಲೋಟ ಖಾಲಿ.

ಅಂದಿನಿಂದ ಒಂದು ರಾತ್ರಿಯೂ ಮನೆ ಬಿಟ್ಟಿಲ್ಲ. ಮಗಳ ಹೆರಿಗೆಗೆ ಕೋಲಾರಕ್ಕೆ ಹೋದವನು ಮಗುವಿನ ಮುಖ ನೋಡಿ ಸಂಜೆಗೇ ಓಡಿಬಂದೆ, ನೀರು ತುಂಬಬೇಕಲ್ಲ. ಹೊಸ ಲೋಟ ಒಂದನ್ನೂ ಕೊಂಡಿಲ್ಲ. ಆದರೂ ಮೊನ್ನೆಯಿಂದ ಎಂಟು ಖಾಲಿಯಾಗುತ್ತಿವೆ... ಎಂಟನೆಯದರಲ್ಲಿ ನೀಲಗಿರಿ ಎಣ್ಣೆಯ ವಾಸನೆ.