ಬ್ರಹ್ಮಗಿರಿಯ ನೆತ್ತಿಯಲ್ಲೊಂದು ಬಿಳಿ ಜಾಗ

ಬೆಳಗಿನ ಆರು ಗಂಟೆ. ಚಳ್ಳಕೆರೆ ಕಡೆಯ ತಳಕು ಊರಿನ ಅಂಗನವಾಡಿ ಗೋಡೆಗೆ ಬಳಿದ ಸುಣ್ಣ ಇನ್ನೂ ಹಸಿಯಾಗಿದೆ. ಸೂರಮ್ಮ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, ತುದಿ ಜಗಿದು ಎಳೆ ಬಿಡಿಸಿದ ಬೇವಿನ ಕಡ್ಡಿಯನ್ನು ಕೆಮ್ಮಣ್ಣಿನ ನೀರಿಗೆ ಅದ್ದಿ, ಒಂದೇ ಉಸಿರಿಗೆ ಗುಡ್ಡದ ಬೆನ್ನಿನ ಗೆರೆ ಎಳೆಯುತ್ತಾರೆ. ಬಿಸಿಲೇರುವಷ್ಟರಲ್ಲಿ ಬಂಡೆ, ಬಂಡೆ ಸಂದಿಯ ಜಾಲಿ, ಅದರ ನೆರಳಲ್ಲಿ ಮಲಗಿದ ಕುರಿ ಎಲ್ಲವೂ ಗೋಡೆಗಿಳಿಯಬೇಕು.

"ಸುಣ್ಣ ನಮಗೋಸ್ಕರ ಕಾಯಲ್ರಿ. ಹಸಿ ಇದ್ದಾಗ್ಲೇ ಬಣ್ಣ ಕುಡಿಸ್ಬೇಕು. ಒಣಗಿದ ಮ್ಯಾಲೆ ಬಳಿದ್ರೆ ಮಕ್ಕಳ ಅಂಗಿಗೆಲ್ಲ ನಮ್ಮ ಗುಡ್ಡನೇ ಹತ್ತಿರ್ತೈತೆ," ಎಂದು ನಗುತ್ತಾರೆ. ಇದಕ್ಕಾಗಿಯೇ ಹಿಂದಿನ ದಿನದ ಕೊನೆ ಬಸ್ಸಿಗೆ ಬಂದು ತಂಗಿಯ ಮನೆಯಲ್ಲಿ ತಂಗಿದ್ದಾರೆ.

ಮೊಳಕಾಲ್ಮೂರು ತಾಲ್ಲೂಕಿನ ಸಿದ್ದಾಪುರದ ಬಳಿಯ ಹಟ್ಟಿಯೊಂದು ಇವರ ಊರು. ಬ್ರಹ್ಮಗಿರಿಯ ಅಶೋಕನ ಶಾಸನ ನೋಡಲು ದೂರದೂರದಿಂದ ಜನ ಬರುತ್ತಾರೆ, ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಕೂಗಳತೆಯಲ್ಲಿರುವ ಸೂರಮ್ಮನ ಮನೆಗೋಡೆಯನ್ನು ಒಬ್ಬರೂ ತಿರುಗಿ ನೋಡಿಲ್ಲ. ಅದರ ಬಗ್ಗೆ ಅವರಿಗೆ ಎಳ್ಳಷ್ಟೂ ಬೇಸರವಿಲ್ಲ, ನಮಗಂತೂ ಇದೆ. ನಲವತ್ತೆರಡರ ಈ ಹೆಂಗಸು ಹುಟ್ಟಾ ಚಿತ್ರಗಾರ್ತಿಯೇನಲ್ಲ. ಹಬ್ಬ ಬಂದರೆ ಊರ ಮನೆಗಳಿಗೆ ಸುಣ್ಣ ಹೊಡೆಯುವುದು ಅವರ ಕಸುಬು. ಚಿತ್ರ ಬರೆಯುವಂತೆ ಮಾಡಿದ್ದು ಗಂಡ ಗಾದ್ರಪ್ಪನವರ ಮುರಿದ ಕಾಲು.

1996ರ ಬೇಸಿಗೆ. ಕುರಿ ಮೇಯಿಸಲು ಹೋಗಿದ್ದ ಗಾದ್ರಪ್ಪ ಬಂಡೆಯಿಂದ ಜಾರಿ ಬಿದ್ದು ತೊಡೆಮೂಳೆ ಮುರಿದುಕೊಂಡರು. ದಿನವಿಡೀ ಗುಡ್ಡ ಸುತ್ತುತ್ತಿದ್ದ ಮನುಷ್ಯ ಕಿಟಕಿಯಿಲ್ಲದ ಕೋಣೆಯಲ್ಲಿ ಮಂಚ ಹಿಡಿದರು. ಕುರಿಗಳು ತಮ್ಮನ ಪಾಲಾದವು. ಮೂಳೆ ಕೂಡಿತು, ಆದರೆ ಮನಸ್ಸು ಕೂಡಲಿಲ್ಲ. ನಾಲ್ಕು ತಿಂಗಳು ಅವರು ತುಟಿ ಬಿಚ್ಚಲಿಲ್ಲ, ಎದುರಿನ ಬಿಳಿ ಗೋಡೆ ನೋಡುತ್ತ ಬಿದ್ದುಕೊಂಡರು. "ಕಾಲೂರಿ ನಡೀರಿ ಅಂತ ಡಾಕ್ಟ್ರು ಹೇಳಿದ್ರು. ಈತ ಗೋಡೆ ಕಡೆ ಮುಖ ಮಾಡಿದ್ರು. ಈ ಜೀವ ಹೋಗಿಬಿಡ್ತೈತೆ ಅಂತ ಹೆದರಿಕ್ಯಾತ್ರಿ ನನಗೆ," ಎನ್ನುತ್ತಾರೆ ಸೂರಮ್ಮ.

ಗೋಡೆ ನೋಡುವುದೇ ಆದರೆ ಒಳ್ಳೆಯ ಗೋಡೆಯನ್ನಾದರೂ ನೋಡಲಿ ಎಂದು ಅವರು ಒಂದು ದಿನ ಕಡ್ಡಿ ಹಿಡಿದರು. ನೋಡಿ ಬರೆಯಲು ಸಿಕ್ಕಿದ್ದು ಚಳ್ಳಕೆರೆಯ ಎಣ್ಣೆ ಮಿಲ್ಲಿನವರು ಕೊಟ್ಟ ಕ್ಯಾಲೆಂಡರ್. ಅದರಲ್ಲಿ ಹಿಮದ ಬೆಟ್ಟ, ಹೊಳೆ, ಕೆಂಪು ಹೆಂಚಿನ ಮನೆ, ಅಂಗಳದಲ್ಲಿ ಮರಿಗಳ ಜೊತೆ ಒಂದು ಕೋಳಿ. ಕಂಡದ್ದನ್ನೆಲ್ಲ ಕಂಡ ಹಾಗೆಯೇ ಬರೆದರು. ಹಿಮಕ್ಕೆ ಸುಣ್ಣ, ಹೊಳೆಗೆ ಬಟ್ಟೆಗೆ ಹಾಕುವ ನೀಲಿ, ಕೋಳಿಗೆ ಕೆಮ್ಮಣ್ಣು.

ಕುಲದ ಕಟ್ಟಳೆಯಂತೆ ಅವರ ಹಟ್ಟಿಯೊಳಗೆ ಕೋಳಿ ಸಾಕುವುದಿಲ್ಲ, ತಿನ್ನುವುದಿಲ್ಲ, ಹೊಸಿಲು ದಾಟಿಸುವುದೂ ಇಲ್ಲ. ಬಣ್ಣದ ಸಂಭ್ರಮದಲ್ಲಿ ಸೂರಮ್ಮನಿಗೆ ಅದು ಮರೆತೇ ಹೋಗಿತ್ತು. ಹಿಂದಿನಿಂದ ಗುಡುಗು ಕೇಳಿತು.

"ಮನ ಇಂಟ್ಲೊ ಕೋಡಾ?" ನಮ್ಮ ಮನೆಯೊಳಗೆ ಕೋಳಿಯಾ ಎಂದು ಮನೆಮಾತಾದ ತೆಲುಗಿನಲ್ಲಿ ಗಾದ್ರಪ್ಪ ಕೂಗಿದ್ದರು. ನಾಲ್ಕು ತಿಂಗಳ ಮೇಲೆ ಆಡಿದ ಮೊದಲ ಮಾತು. ಸೂರಮ್ಮ ಕಡ್ಡಿ ಎಸೆದು ಗಳಗಳನೆ ಅತ್ತುಬಿಟ್ಟರು. "ಬೈದಿದ್ದಕ್ಕೆ ಅಳ್ತಾಳೆ ಅನ್ಕಂಡೆ," ಎಂದು ಗಾದ್ರಪ್ಪ ಈಗಲೂ ಪೇಚಾಡುತ್ತಾರೆ.

ಕೋಳಿ ಮೂರೇ ಗೀಟಿನಲ್ಲಿ ಕಾಡಿನ ಕೌಜುಗ ಹಕ್ಕಿಯಾಯಿತು. ಅಲ್ಲಿಗೆ ಗಾದ್ರಪ್ಪನವರ ತಕರಾರು ಮುಗಿಯಲಿಲ್ಲ. ಇದೆಂಥ ಬೆಟ್ಟ, ಕುರಿ ಎಲ್ಲಿ ಮೇಯಬೇಕು? ಬಂಡೆ ಮೇಲಿನ ನೀರಿನ ದೊಣೆ ಎಡಕ್ಕಿದೆ, ಬಲಕ್ಕಲ್ಲ! ಹೀಗೆ ಮಂಚದ ಮೇಲಿಂದ ಹುಕುಂ ಹೊರಡುತ್ತಿದ್ದ ಹಾಗೆ ಹಿಮದ ಬೆಟ್ಟ ಕರಗಿ ಬ್ರಹ್ಮಗಿರಿ ಎದ್ದಿತು. ಗೋಡೆಯ ಕೆಳಭಾಗ ತೋರಿಸಲು ಎದ್ದು ಕೂತರು. ಮೇಲ್ಭಾಗ ತೋರಿಸಲು ಗೋಡೆ ಹಿಡಿದು ನಿಂತರು. ಸೂರಮ್ಮನೂ ಪಾಕಡ, ಬೇಕೆಂದೇ ದೊಣೆಯನ್ನು ಎರಡು ಸಲ ತಪ್ಪು ಜಾಗದಲ್ಲಿ ಬರೆದರಂತೆ.

ಚಿತ್ರ ನೆತ್ತಿಗೆ ಬಂದಾಗ ಗಾದ್ರಪ್ಪ ಕೈ ಅಡ್ಡ ಹಿಡಿದರು. "ಅಲ್ಲೊಂದು ಕಮರದ ಮರ ಇತ್ತು. ಈಗ ಐತೋ ಬಿದ್ದೈತೋ. ಸುಳ್ಳು ಬರೀಬ್ಯಾಡ. ನಾನೇ ಹತ್ತಿ ನೋಡ್ಕಂಬರ್ತೀನಿ." ಮನೆ ಮಂದಿ ಮುಸಿಮುಸಿ ನಕ್ಕರು. ಸೂರಮ್ಮ ನಗಲಿಲ್ಲ, ಅಂಗೈಯಗಲ ಜಾಗ ಬಿಳಿಯಾಗಿಯೇ ಬಿಟ್ಟರು. ಹತ್ತಲಾಗದೇ ಹೋದರೆ ಆ ಬಿಳುಪು ಜೀವನಪೂರ್ತಿ ಗಂಡನನ್ನು ಇರಿಯುತ್ತದೆ ಎಂಬ ಅಳುಕು ಅವರೊಳಗಿತ್ತು.

ಸುಣ್ಣ ಹೊಡೆಸಲು ಕರೆದವರು ಈಗ "ನಮಗೂ ಒಂದು ಗುಡ್ಡ ಹಾಕವ್ವ" ಎನ್ನುತ್ತಾರೆ. ತಳಕಿನದು ಇಪ್ಪತ್ತೇಳನೆಯ ಗೋಡೆ. ಕ್ಯಾಲೆಂಡರ್ ನೋಡಿ ಬರೆಯುವುದನ್ನು ಸೂರಮ್ಮ ಅಂದೇ ಬಿಟ್ಟಿದ್ದಾರೆ. ಹೋದ ಊರಲ್ಲಿ ಮೊದಲು ಮುದುಕರನ್ನು ಕೂರಿಸಿಕೊಂಡು, ಯಾವ ಮರ, ಯಾವ ಹಳ್ಳ ಎಂದು ವಿಚಾರಿಸುತ್ತಾರೆ. ನನ್ನಿವಾಳದ ಅಜ್ಜಿಯೊಬ್ಬರು ಬಿರುಗಾಳಿಗೆ ಬಿದ್ದುಹೋದ ಹುಣಸೆಮರವನ್ನು ಬರೆಸಿಕೊಂಡು ದಿನವೂ ಅದರಡಿ ಕೂರುತ್ತಾರಂತೆ.

ಗಾದ್ರಪ್ಪ ಮೊದಲ ವರ್ಷ ಅಂಗಳ ದಾಟಿದರು, ಮರುವರ್ಷ ಗುಡ್ಡದ ಬುಡ ಮುಟ್ಟಿದರು. ಕಾಲು ಮುರಿದ ಏಳು ವರ್ಷದ ಮೇಲೆ, ಅಂದರೆ ಕಳೆದ 2003ರ ಕಾರ್ತಿಕದಲ್ಲಿ, ಕೋಲೂರಿಕೊಂಡು ಹೊರಟವರು ಸಂಜೆ ಹೊತ್ತಿಗೆ ಮೈತುಂಬ ಧೂಳು, ಮುಖದ ತುಂಬ ನಗು ಹೊತ್ತು ಬಂದರು. ನೆತ್ತಿ ಹತ್ತಿದ್ದರು! ಸೂರಮ್ಮ ಬಣ್ಣ ಕಲಸಿ, ಬಿಳಿ ಜಾಗಕ್ಕೆ ಹಸಿ ಸುಣ್ಣ ಬಳಿದು ಕಾದರು. ಮರ ಇದೆಯಾ, ಇಲ್ಲವಾ?

"ಸರಿಯಾಗಿ ನೋಡ್ಲಿಲ್ಲ ಕಣೆ. ಇನ್ನೊಂದು ಸಲ ಹೋಗಿ ಬರ್ಬೇಕು," ಎಂದರು ಗಾದ್ರಪ್ಪ.

ಅಲ್ಲಿಂದೀಚೆಗೆ ಅವರು ಐದು ಸಲ ಹತ್ತಿದ್ದಾರೆ. ಐದು ಸಲವೂ ಸರಿಯಾಗಿ ನೋಡಿಲ್ಲ. ಆ ಜಾಗ ಇಂದಿಗೂ ಬಿಳಿಯಾಗಿಯೇ ಇದೆ. ಮುಂದಿನ ಆಸೆ ಏನು ಎಂದರೆ ಸೂರಮ್ಮ ಅಂಗನವಾಡಿ ಗೋಡೆಯಿಂದ ಕಣ್ಣು ತೆಗೆಯದೆ ಹೇಳುತ್ತಾರೆ:

"ಮರ ಐತೋ ಇಲ್ಲೋ ನನಗ್ಯಾಕ್ರಿ? ಆತ ಗುಡ್ಡ ಹತ್ತಿ ಬಂದು ನೋಡ್ಲಿಲ್ಲ ಅಂತಿರ್ಲಿ. ನಾನು ಬಣ್ಣ ಕಲಸ್ತಿರ್ತೀನಿ."